ನುಂಗಿದ ಮೇಲೆ ಒಂದು ಮಾತು

ಹಸಿರು ನೀರು, ನಲವತ್ತೈದು ಮಿಲಿ.
ಒಂಬತ್ತಕ್ಕೆ ಔಷಧದಂಗಡಿಯ ಶಟರು ಅರ್ಧ ಏರುವಾಗಲೇ
ಬೂಟು ಕಾಣುತ್ತದೆ, ಆಮೇಲೆ ಊರುಗೋಲು,
ಕೊನೆಗೆ ನೆವಿಲ್ ಸ್ಟಬ್ಸ್.

ಮೆಥಡೋನನ್ನು ನನ್ನೆದುರೇ ಕುಡಿಯಬೇಕು.
ಕುಡಿದ ಮೇಲೆ ನಾನವನನ್ನು ಮಾತಾಡಿಸಬೇಕು,
ಬಾಯಿ ಬರಿದಾಯಿತೆಂದು ಖಾತ್ರಿಯಾಗಲು.
ಹೀಗಾಗಿ ಎರಡು ವರ್ಷದಿಂದ ನಾವಿಬ್ಬರೂ
ಗ್ರಿಮ್ಸ್‌ಬಿಯ ಹವೆಯ ಬಗ್ಗೆ
ಗಂಡಹೆಂಡಿರೂ ಆಡದಷ್ಟು ಆಡಿದ್ದೇವೆ.
ಗಾಳಿ ಜೋರು.
ಹೌದು, ಜೋರು.
ನಾಳೆ?
ನಾಳೆಯೂ.

ಬಂದರಿನ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ
ಹ್ಯಾಡಕ್ ಸೀಳಿದವನು.
ಐಸಿನ ಪೆಟ್ಟಿಗೆ ಎತ್ತುವಾಗ ಒಂದು ಬೆಳಗಿನ ಜಾವ
ಸೊಂಟದಲ್ಲಿ ಕಟ್ ಅಂದದ್ದು
ಪಕ್ಕದವನಿಗೂ ಕೇಳಿಸಿತಂತೆ.
ಮೊದಲು ಡಾಕ್ಟರೇ ಬರೆದ ಗುಳಿಗೆ.
ಒಂದು ಎರಡಾಗಿ, ಎರಡು ಆರಾಗಿ,
ಡಾಕ್ಟರು ಕೈಬಿಟ್ಟ ಮೇಲೆ
ಮೂಲೆಮನೆಯ ಹುಡುಗನ ಕಾಗದದ ಪೊಟ್ಟಣ.
ನೋವು ಅವನ ಬೆನ್ನು ಹತ್ತಿತ್ತು,
ಅವನು ಗುಳಿಗೆಯ ಬೆನ್ನು ಹತ್ತಿದ.
ಈಗ ಅವನ ಕಡತದಲ್ಲಿ ಹುಡುಕಿದರೂ
ಬೆನ್ನು ಸಿಗುವುದಿಲ್ಲ.
ಚಟ ಎಂಬ ಕಾಲಮ್ಮಿನಲ್ಲಿ ಮಾತ್ರ
ನಾಲ್ಕು ಪುಟ.

ಅಂಕೋಲೆಯ ಪೇಟೆಗೆ ಅವ್ವಿ
ಬಂಗಡೆ ಬುಟ್ಟಿ ಹೊತ್ತು ನಡೆಯುತ್ತಿದ್ದಳು.
ಸಿಂಬೆ ಸವೆದು, ಭಾರ ನೇರ ಕತ್ತಿಗಿಳಿದ ದಿನಗಳಲ್ಲಿ
ಒಂದು ಚಿಟಿಕೆ ಹೊಗೆಸೊಪ್ಪು ಎಡದವಡೆಗೆ.
"ಕತ್ತು ನೋವಿಗೆ, ಮಗಾ."
ಬುಟ್ಟಿ ಇಳಿಸಿದ ಮೇಲೂ,
ಮೀನು ಮಾರುವುದನ್ನೇ ಬಿಟ್ಟ ಮೇಲೂ,
ದವಡೆ ತುಂಬಿಯೇ ಇತ್ತು.
ಊರಲ್ಲಿ ಯಾರೂ ಅದಕ್ಕೆ ಚಟ ಎನ್ನಲಿಲ್ಲ,
ಅವ್ವಿ ಕವಳ ಹಾಕ್ತಾಳೆ, ಅಷ್ಟೇ.
ಏನು ಕೇಳಿದರೂ ಹೂಂ, ಊಂಹೂಂ.
ತುಟಿ ಬಿಚ್ಚಿದರೆ ರಸ ಸೋರೀತೆಂದು
ಮಾತೆಲ್ಲ ಮೂಗಿನಿಂದ.
ಆಮೇಲೆ ಹುಬ್ಬಳ್ಳಿಯಲ್ಲಿ
ಆ ದವಡೆಯನ್ನೇ ಕೊಯ್ದರು.

ಅದಕ್ಕೇ, ಮೊನ್ನೆ ಮಂಗಳವಾರ
"ಗಾಳಿ ಹೇಗಿದೆ ನೆವಿಲ್?" ಎಂದದ್ದಕ್ಕೆ
ಅವನು "ಹೂಂ" ಎಂದಾಗ
ನನಗೆ ತಿಳಿದುಹೋಯಿತು.

ಎಡದವಡೆ. ತುಸು ಉಬ್ಬು.
ಕೋಟಿನ ಜೇಬೊಳಗೆ ಪುಟ್ಟ ಬಾಟಲಿಯ ಮುಚ್ಚಳ
ಆಗಲೇ ತೆರೆದಿರಬೇಕು.
ಹಿಂದೆ ಡೋರೀನ್ ಡಬ್ಬಿ ಜೋಡಿಸುತ್ತಿದ್ದಳು,
ಸಾಲಿನಲ್ಲಿ ಯಾವುದೋ ಮಗು ಕೆಮ್ಮಿತು.
ನಾನು ಮುಂದಿನವರನ್ನು ಕರೆಯಲಿಲ್ಲ.
ಅವನು ಹೊರಡಲಿಲ್ಲ.
ಎರಡನೆಯ ಸಲ ಕೇಳಿದೆ, ಗಾಳಿಯ ಬಗ್ಗೆ ಅಲ್ಲ:
"ಯಾಕೆ?"

ಗಂಟಲ ಗುಬಟು ಮೇಲೆ ಹೋಯಿತು,
ಕೆಳಗೆ ಬಂತು.
"ಇದು ಆಸೆನ ಒಂದು ದಿನ ಕಟ್ಟಿಹಾಕುತ್ತೆ,
ಬೆನ್ನನ್ನ ಸಂಜೆ ತನಕ ಮಾತ್ರ.
ರಾತ್ರಿ ಮೂರಕ್ಕೆ ಎಬ್ಬಿಸುತ್ತೆ ನೋಡಿ,
ಅದಕ್ಕೆ ಅಂತ ಅರ್ಧ ಇಟ್ಕೊಂಡಿದ್ದೆ."

ಇಟ್ಕೊಂಡಿದ್ದೆ.
ಹೇಳಬೇಕಾದರೆ ಅದನ್ನೂ ನುಂಗಬೇಕಾಯಿತು.
ನಾನು ಕೇಳಿದ್ದಕ್ಕೆ
ತನ್ನ ಒಂದು ರಾತ್ರಿಯನ್ನು ನುಂಗಿ
ಕೋಲೂರಿ ಹೊರಟ.

ಮಧ್ಯಾಹ್ನ ಕ್ಲಿನಿಕ್ಕಿಗೆ ಬರೆದೆ.
ಡೋಸನ್ನು ಎರಡು ಹೊತ್ತಿಗೆ ಹಂಚಬಹುದೇ ಎಂದು,
ಬೆನ್ನು ಎಂಬ ಪದವನ್ನು ಮೂರು ಸಲ ಬಳಸಿ.
ಬಾಯಲ್ಲಿ ಹಿಡಿದದ್ದನ್ನು ಬರೆಯಲಿಲ್ಲ.
ಸಂಜೆಯೊಳಗೆ ಉತ್ತರ:
ಮಾರ್ಚ್ ತಿಂಗಳ ಪರಿಶೀಲನೆಯಲ್ಲಿ ನೋಡೋಣ.
ಇದು ನವೆಂಬರ್.

ಆ ರಾತ್ರಿ ಮೂರಕ್ಕೆ ನನಗೆ ಎಚ್ಚರವಾಯಿತು.
ಗಾಳಿ ನಿಜಕ್ಕೂ ಜೋರಿತ್ತು.

ಬುಧವಾರ. ಶಟರು, ಬೂಟು, ಕೋಲು.
ಕುಡಿದ.
ನಾನಿನ್ನೂ ಯಾವ ಮಾತಿನಿಂದ ಶುರು ಮಾಡಲಿ
ಎಂದು ಹುಡುಕುತ್ತಿರುವಾಗಲೇ
ಕೌಂಟರಿನ ದೀಪದ ಕಡೆಗೆ ಮುಖವೆತ್ತಿ,
ಕೇಳದೆಯೇ, ಬಾಯಿ ಅಗಲಿಸಿ ತೋರಿಸಿದ.

ಹಸಿರು ನಾಲಿಗೆ.
ಎರಡು ಹಲ್ಲು ಬಿದ್ದ ಜಾಗ.
ಅದರ ಹಿಂದೆ ಕತ್ತಲು.

ನೋಡುವುದು ನನ್ನ ಕೆಲಸ.
ನೋಡಿದೆ.